ಸಹಾಯ ಬೇಕು: 3ರಿಂದ 5 ವರ್ಷದ ಮಕ್ಕಳು ಬಿಡಿಸಿದ ಮನುಷ್ಯರ ಚಿತ್ರಗಳು

ನಮಸ್ಕಾರ. ಶಿಕ್ಷಕರ ತರಬೇತಿಗಾಗಿ ಮಕ್ಕಳ ಚಿತ್ರಗಳನ್ನು ವಯಸ್ಸಿನ ಪ್ರಕಾರ ಜೋಡಿಸುತ್ತಿದ್ದೇವೆ. ಎರಡು ವರ್ಷದ ಆಸುಪಾಸಿನ ಗೀಚುಗಳು ಸಾಕಷ್ಟಿವೆ. ಕೆಳಗೆ ನೆಲದ ಗೆರೆ, ಮೇಲೆ ಆಕಾಶದ ಪಟ್ಟಿ ಇರುವ ಆರೇಳು ವರ್ಷದವರ ಚಿತ್ರಗಳೂ ಇವೆ. ನಡುವಿನದ್ದೇ ಕೊರತೆ: ದೊಡ್ಡ ವೃತ್ತದಿಂದ ನೇರವಾಗಿ ಕೈಕಾಲು ಹೊರಟ ‘ಗೊದಮೊಟ್ಟೆ ಮನುಷ್ಯ’, ಮತ್ತು ಅವನಿಗೆ ಮೊದಲ ಬಾರಿ ಹೊಟ್ಟೆ ಮೂಡುವ ಹಂತ. ಕೆಲವು ಮಕ್ಕಳು ಎರಡು ಕಾಲುಗಳ ನಡುವಿನ ಖಾಲಿ ಜಾಗದಲ್ಲಿ ಹೊಕ್ಕುಳ ಇಡುತ್ತಾರೆ. ಅಂಥದ್ದು ಸಿಕ್ಕರಂತೂ ಬಹಳ ಉಪಯೋಗ.

ದಯವಿಟ್ಟು ಮಾದರಿ ಬಿಡಿಸಿ ತೋರಿಸಬೇಡಿ, ‘ಕುತ್ತಿಗೆ ಎಲ್ಲಿ?’ ಅಂತ ಕೇಳಬೇಡಿ. ಕೇಳಿದರೆ ಮಗು ನಮ್ಮ ಚಿತ್ರ ಬಿಡಿಸುತ್ತದೆ, ತನ್ನದನ್ನಲ್ಲ. ಬಿಳಿ ಹಾಳೆ, ದಪ್ಪ ಪೆನ್ಸಿಲ್ ಅಥವಾ ಕ್ರೇಯಾನ್ ಸಾಕು. ಹಿಂಬದಿಯಲ್ಲಿ ದಿನಾಂಕ, ವಯಸ್ಸು (3 ವರ್ಷ 8 ತಿಂಗಳು, ಹೀಗೆ), ಚಿತ್ರದ ಬಗ್ಗೆ ಮಗು ಹೇಳಿದ್ದು ಅದರದೇ ಮಾತಲ್ಲಿ ಬರೆಯಿರಿ. ತಿಂಗಳು ಬಿಡಬೇಡಿ, ಈ ವಯಸ್ಸಲ್ಲಿ ಆರೇ ತಿಂಗಳಲ್ಲಿ ಚಿತ್ರ ಪೂರ್ತಿ ಬದಲಾಗಬಹುದು. ಮಗುವಿನ ಹೆಸರು ಬೇಡ. ಹಗಲು ಬೆಳಕಲ್ಲಿ, ನೇರ ಮೇಲಿನಿಂದ, ಎರಡೂ ಬದಿಯ ಫೋಟೊ ಕಳಿಸಿ. ಒಂದೇ ಮಗುವಿನ 3–4 ಚಿತ್ರಗಳು, ತಿಂಗಳಿಗೊಂದರಂತೆ ಇದ್ದರೆ ಇನ್ನೂ ಒಳ್ಳೆಯದು.