ಹೈವೇಲಿ ಹಿಂದಿನ ಗಾಡಿ ಬಂಪರ್‌ಗೆ ಅಂಟಿಕೊಂಡು ಬಂದರೆ ಏನು ಮಾಡ್ತೀರಿ? ನಿಮ್ಮ ಅನುಭವ ಹೇಳಿ

ಕೇಳಿದವರು: ತುಮಕೂರಿನಿಂದ

ಈ ವರ್ಷದಿಂದ ತುಮಕೂರು–ಬೆಂಗಳೂರು ಮಧ್ಯೆ ನಾನೇ ಕಾರು ಓಡಿಸ್ತಿದ್ದೀನಿ. ಕೆಲಸ ಪೀಣ್ಯದ ಕಡೆ. ಓಡಿಸೋಕೆ ಭಯ ಇಲ್ಲ, ಆದರೆ ಲಾರಿ ದಾಟೋಕೆ ಅಂತ ಬಲಗಡೆ ಲೇನಿಗೆ ಹೋದಾಗೆಲ್ಲ ಇದೇ ಕತೆ. ಹಿಂದಿನಿಂದ ಒಂದು ದೊಡ್ಡ ಗಾಡಿ ಬಂದು, ಕನ್ನಡಿಯಲ್ಲಿ ಅದರ ನಂಬರ್ ಪ್ಲೇಟೂ ಕಾಣದಷ್ಟು ಹತ್ತಿರ ಸೇರಿಕೊಂಡು, ಡಿಪ್ಪರ್ ಹೊಡೀತಾನೇ ಇರುತ್ತೆ. ಎಡಕ್ಕೆ ಹೋಗೋಣ ಅಂದ್ರೆ ಲಾರಿ ಸಾಲು. ಜೋರಾಗಿ ಹೋಗೋಣ ಅಂದ್ರೆ ಮುಂದೆಯೂ ಗಾಡಿ ಇದೆ, ಸ್ಪೀಡ್ ಮಿತಿಯೂ ಇದೆ. ಮುಂದೆ ಜಾಗ ಬಿಟ್ಟರೆ ಇನ್ಯಾರೋ ಬಂದು ತೂರ್ತಾರೆ. ಮನೆಯವರು "ಬ್ರೇಕ್ ಲೈಟ್ ತೋರಿಸು, ತಾನೇ ದೂರ ಹೋಗ್ತಾನೆ" ಅಂತಾರೆ. ಅದು ಸರಿನಾ? ದಿನಾ ಹೈವೇಲಿ ಓಡಾಡೋರು ದಯವಿಟ್ಟು ಹೇಳಿ.

ಹಿರಿಯೂರಿನಿಂದ, ಲಾರಿ ಓಡಿಸುವವರು

ತಂಗಿ, ನೀವು ಹೇಳಿದ ಲಾರಿ ಸಾಲು ನಾವೇ. ಹಾಗಾಗಿ ನಮ್ಮ ಕಡೆಯಿಂದ ಶುರು ಮಾಡ್ತೀನಿ. ನಮ್ಮ ಗಾಡಿಗಳಿಗೆ ಸ್ಪೀಡ್ ಗವರ್ನರ್ ಇರುತ್ತೆ, 80ರ ಮೇಲೆ ಬಿಡಲ್ಲ. ಲೋಡ್ ಇದ್ದು ಏರು ಸಿಕ್ಕಿದರೆ ಅದರ ಅರ್ಧಕ್ಕೆ ಇಳಿಯುತ್ತೆ. ಎಡಕ್ಕೇ ಇರಬೇಕು ಅನ್ನೋದು ನಮಗೂ ಗೊತ್ತು. ಆದರೆ ಎಡ ಅಂಚಿನಲ್ಲಿ ಕೆಟ್ಟು ನಿಂತ ಗಾಡಿ, ಎದುರು ದಿಕ್ಕಿನಿಂದ ಬರೋ ಬೈಕು, ರಸ್ತೆ ದಾಟೋ ಜನ, ಡಾಬಾ ಕಂಡ ತಕ್ಷಣ ತಿರುಗಿಸೋರು, ಎಲ್ಲ ಇರ್ತಾರೆ. ಅದಕ್ಕೇ ಎಷ್ಟೋ ಡ್ರೈವರ್‌ಗಳು ಬಲಕ್ಕೆ ಬಂದು ಅಲ್ಲೇ ಉಳಿದುಬಿಡ್ತಾರೆ. ಕಾರಣ ಹೇಳ್ದೆ ಅಷ್ಟೇ, ಅದು ಸರಿ ಅಂತ ನಾನು ಯಾವತ್ತೂ ಹೇಳಲ್ಲ.

ನಿಮ್ಮ ತೊಂದರೆ ಅರ್ಧ ಕಡಿಮೆ ಆಗೋದು ಲಾರಿ ದಾಟೋ ರೀತಿಯಲ್ಲಿ. ಬಹಳ ಜನ ಲಾರಿ ಹಿಂಭಾಗಕ್ಕೆ ಹತ್ತಿರ ಬಂದು, ಅಲ್ಲಿಂದ ಬಲಕ್ಕೆ ಎಳೆದು, ಆಮೇಲೆ ಮುಂದೇನಿದೆ ಅಂತ ನೋಡ್ತಾರೆ. ಅಲ್ಲಿಂದ ಹೊರಟರೆ ವೇಗ ಇರಲ್ಲ, ಬಲಗಡೆ ಲೇನಲ್ಲಿ ತುಂಬಾ ಹೊತ್ತು ಸಿಕ್ಕಿಕೊಳ್ತೀರಿ, ಹಿಂದಿನವನು ಬಂದು ಅಂಟ್ಕೋತಾನೆ. ಅದರ ಬದಲು ದೂರದಲ್ಲೇ ಇದ್ದು, ಲಾರಿಯ ಮುಂದೆ ನಿಮ್ಮ ಕಾರಿಗೆ ಜಾಗ ಇದೆಯಾ ಅಂತ ನೋಡಿ. ಬಲಗನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಒಂದೇ ಸಮನೆ ದಾಟಿ. ಒಳಗಿನ ಕನ್ನಡಿಯಲ್ಲಿ ಲಾರಿಯ ಎರಡೂ ಹೆಡ್‌ಲೈಟ್ ಪೂರ್ತಿ ಕಂಡ ಮೇಲೆ ಎಡಕ್ಕೆ ಬನ್ನಿ. ಅದಕ್ಕಿಂತ ಮುಂಚೆ ಬೇಡ.

ಬೇಡ ಅಂದಿದ್ದಕ್ಕೆ ಕಾರಣ ಬ್ರೇಕು. ನಮ್ಮದು ಏರ್ ಬ್ರೇಕ್. ಪೆಡಲ್ ಒತ್ತಿದ ಮೇಲೆ ಗಾಳಿ ಹಿಂದಿನ ಚಕ್ರದ ತನಕ ತಲುಪೋಕೆ ಒಂದು ಗಳಿಗೆ ಬೇಕು, ಆಮೇಲೆ ಅಷ್ಟು ಟನ್ ಭಾರ ನಿಲ್ಲಬೇಕು. ಮುಂದೆ ನುಗ್ಗಿ ಬಂದ ಕಾರು ಬ್ರೇಕ್ ಹಾಕಿದರೆ ಡ್ರೈವರ್‌ಗೆ ಉಳಿಯೋದು ಗುದ್ದೋದು, ಇಲ್ಲಾ ಸ್ಟಿಯರಿಂಗ್ ತಿರುಗಿಸೋದು. 2024ರ ಡಿಸೆಂಬರ್‌ನಲ್ಲಿ ನೆಲಮಂಗಲದ ಹತ್ತಿರ ಕಂಟೇನರ್ ಲಾರಿ ಡಿವೈಡರ್ ದಾಟಿ ಎದುರು ಬರ್ತಿದ್ದ ಕಾರಿನ ಮೇಲೆ ಬಿದ್ದು ಒಂದೇ ಮನೆಯ ಆರು ಜನ ಹೋದರು. ಮುಂದಿನ ಗಾಡಿ ದಿಢೀರ್ ಬ್ರೇಕ್ ಹಾಕ್ತು, ತಪ್ಪಿಸೋಕೆ ತಿರುಗಿಸಿದೆ ಅಂತ ಆ ಡ್ರೈವರ್ ಹೇಳಿದ್ದು ಪೇಪರ್‌ನಲ್ಲಿ ಬಂದಿತ್ತು. ನೀವು ದಿನಾ ಓಡಾಡೋದು ಅದೇ ರಸ್ತೆ.

ಇನ್ನೊಂದು. ಎಡದಿಂದ ನಮ್ಮನ್ನ ದಾಟಬೇಡಿ. ನಾವು ಕೂರೋದು ಬಲಕ್ಕೆ, ಎತ್ತರದಲ್ಲಿ. ಎಡ ಬಾಗಿಲ ಕೆಳಗೆ ಬಂದ ಕಾರು ಕಾಣಲ್ಲ. ಮುಂಚೆ ಕ್ಲೀನರ್ ಕೂತು ಕೈ ಆಡಿಸಿ ಹೇಳ್ತಿದ್ದ, ಈಗ ಎಷ್ಟೋ ಗಾಡಿಯಲ್ಲಿ ಕ್ಲೀನರೇ ಇಲ್ಲ. ಹಿಂದೆ ಬರುವಾಗಲೂ ನಮ್ಮ ಕನ್ನಡಿ ನಿಮಗೆ ಕಾಣೋ ಹಾಗಿರಿ. ಕನ್ನಡಿ ಕಾಣದಿದ್ದರೆ ನೀವು ಇದ್ದೀರಿ ಅಂತಲೇ ನಮಗೆ ಗೊತ್ತಾಗಲ್ಲ.

ಮೈಸೂರಿನಿಂದ

ನಾನು ಮೈಸೂರು–ಬೆಂಗಳೂರು ರಸ್ತೆಯಲ್ಲಿ ತುಂಬಾ ಓಡಾಡ್ತೀನಿ. 2023ರಲ್ಲಿ ಹೊಸ ರಸ್ತೆ ತೆರೆದ ಮೇಲೆ ಮೊದಲ ತಿಂಗಳುಗಳಲ್ಲಿ ಆದ ಅಪಘಾತಗಳು, ಆಗಸ್ಟ್‌ನಿಂದ ಬೈಕ್, ಆಟೋ, ಟ್ರ್ಯಾಕ್ಟರ್‌ಗಳನ್ನ ಸರ್ವಿಸ್ ರಸ್ತೆಗೆ ಕಳಿಸಿದ್ದು, ಆಮೇಲೆ ಕ್ಯಾಮೆರಾ ಬಂದಿದ್ದು, ಎಲ್ಲ ನೋಡಿದ್ದೀನಿ. ಕ್ಯಾಮೆರಾ ಬಂದ ಮೇಲೆ ವೇಗ ತಗ್ಗಿತು. ಅಂಟಿಕೊಂಡು ಬರೋ ಚಾಳಿ ಮಾತ್ರ ಹಾಗೇ ಇದೆ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಒಂದೇ: ಹಿಂದಿನವನು ಹತ್ತಿರ ಬಂದಷ್ಟೂ ನೀವು ಮುಂದಿನ ಗಾಡಿಯಿಂದ ದೂರ ಆಗಿ. ಕೇಳೋಕೆ ತಲೆಕೆಳಗು ಅನ್ನಿಸುತ್ತೆ. ಆದರೆ ಅವನ ಬ್ರೇಕ್ ನಿಮ್ಮ ಕೈಯಲ್ಲಿಲ್ಲ, ನಿಮ್ಮ ಬ್ರೇಕ್ ಇದೆ. ಮುಂದೆ ಸಾಕಷ್ಟು ಜಾಗ ಇದ್ದರೆ, ಮುಂದಿನ ಗಾಡಿ ದಿಢೀರ್ ನಿಂತಾಗಲೂ ನೀವು ನಿಧಾನಕ್ಕೆ ಒತ್ತಬಹುದು. ನೀವು ನಿಧಾನಕ್ಕೆ ಒತ್ತಿದರೆ ಹಿಂದಿನವನಿಗೂ ನಿಲ್ಲೋಕೆ ಸಮಯ ಸಿಗುತ್ತೆ. ಅವನು ಬಿಡದೇ ಇರೋ ಅಂತರವನ್ನ ನೀವು ಮುಂದೆ ಬಿಟ್ಟ ಹಾಗಾಯ್ತು.

ಎಷ್ಟು ಜಾಗ? 100ರಲ್ಲಿ ಹೋಗ್ತಿದ್ದರೆ ಸೆಕೆಂಡಿಗೆ ಸುಮಾರು 28 ಮೀಟರ್ ಸಾಗ್ತೀರಿ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗೋಷ್ಟರಲ್ಲೇ ಒಂದು, ಒಂದೂವರೆ ಸೆಕೆಂಡ್ ಆಗಿರುತ್ತೆ. ಅಂದ್ರೆ ಬ್ರೇಕ್ ಹಿಡಿಯೋ ಮುಂಚೆಯೇ ಸುಮಾರು 40 ಮೀಟರ್ ಹೋಯ್ತು. ನಿಮ್ಮ ಹಿಂದೆ 10 ಮೀಟರ್‌ನಲ್ಲಿ ಇರೋನಿಗೆ ಅರ್ಧ ಸೆಕೆಂಡೂ ಇಲ್ಲ, ಅವನು ಎಷ್ಟೇ ಪಳಗಿದ ಡ್ರೈವರ್ ಆಗಿರಲಿ. ಮೀಟರ್ ಲೆಕ್ಕ ರಸ್ತೇಲಿ ಆಗಲ್ಲ, ಸೆಕೆಂಡ್ ಎಣಿಸಿ. ಮುಂದಿನ ಗಾಡಿ ಒಂದು ಬೋರ್ಡ್ ಅಥವಾ ಮೇಲ್ಸೇತುವೆಯ ನೆರಳು ದಾಟಿದ ತಕ್ಷಣ "ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು" ಅಂತ ಹೇಳಿ. ಅದು ಮುಗಿಯೋ ಮುಂಚೆ ನೀವು ಅದೇ ನೆರಳಿಗೆ ಬಂದ್ರೆ ಹತ್ತಿರ ಇದ್ದೀರಿ. ಮಳೆ ಬಂದಾಗ ಇನ್ನೆರಡು ಸೇರಿಸಿ.

ಜಾಗ ಬಿಟ್ಟರೆ ಯಾರೋ ತೂರ್ತಾರೆ ಅಂದ್ರಿ. ತೂರಲಿ. ಒಬ್ಬ ತೂರಿದರೆ ನೀವು ಮತ್ತೆ ಆ ಅಂತರಕ್ಕೆ ಬರೋಕೆ ಕಳೆದುಕೊಳ್ಳೋದು ಎರಡು ಮೂರು ಸೆಕೆಂಡ್. ತುಮಕೂರಿಂದ ಪೀಣ್ಯದ ತನಕ ಇಪ್ಪತ್ತು ಜನ ತೂರಿದರೂ ಒಂದು ನಿಮಿಷ. ಟೋಲ್‌ನಲ್ಲಿ ಒಂದು ಫಾಸ್ಟ್ಯಾಗ್ ಓದದೇ ಇದ್ದರೆ ಅದಕ್ಕಿಂತ ಹೆಚ್ಚು ಹೋಗುತ್ತೆ. ತೂರಿದವನ ಮೇಲೆ ಸಿಟ್ಟಾಗಿ ಅವನ ಹಿಂದೆ ಅಂಟಿಕೊಂಡರೆ, ಈಗ ನೀವು ದೂರ್ತಿರೋ ಗಾಡಿ ನೀವೇ ಆಗ್ತೀರಿ.

ಹುಬ್ಬಳ್ಳಿಯಿಂದ, ಟ್ಯಾಕ್ಸಿ ಓಡಿಸುವವರು

ಅಕ್ಕಾರ, ಆ ಬ್ರೇಕ್ ತೋರ್ಸೂ ಉಪಾಯ ಮಾತ್ರ ಮಾಡಬ್ಯಾಡ್ರಿ. ಹಿಂದಿನಾವ ಮೊಬೈಲ್ ನೋಡಾಕತ್ತಿರ್ತಾನೋ, ನಿದ್ದಿಗಣ್ಣಾಗ ಇರ್ತಾನೋ, ನಮಗೇನ್ ಗೊತ್ರಿ? ಸಿಟ್ಟಿನ ಮನಷ್ಯಾ ಇದ್ರ ಇನ್ನೂ ಕೆಲಸ ಕೆಟ್ಟತು, ನಿಮ್ಮನ್ನ ದಾಟಿ ಮುಂದ ಬಂದು ಅವನೂ ಹಂಗ ಬ್ರೇಕ್ ಹಾಕ್ತಾನ. ಇಂಥಾ ಜಗಳ ರಸ್ತಾದ ಮ್ಯಾಲ ಭಾಳ ನೋಡೀನಿ.

ನಾ ಮಾಡೋದು ಇಷ್ಟರಿ. ಎಡಕ್ಕ ಜಾಗ ಇಲ್ದಿದ್ರೂ ಎಡಗಡೆ ಇಂಡಿಕೇಟರ್ ಹಾಕಿ ಬಿಡ್ತೀನಿ. "ಇವ್ರು ದಾರಿ ಬಿಡಾಕತ್ತಾರ" ಅಂತ ಹಿಂದಿನಾವಗ ತಿಳೀತೈತಿ. ಅರ್ಧಾ ಮಂದಿ ಅಷ್ಟಕ್ಕ ಡಿಪ್ಪರ್ ಹೊಡ್ಯೋದು ಬಿಡ್ತಾರ, ಒಂದೀಟು ಹಿಂದನೂ ಸರೀತಾರ. ಲಾರಿಗೋಳ ನಡುವ ಸರಿಯಾದ ಜಾಗ ಸಿಕ್ಕ ಮ್ಯಾಲ ಎಡಕ್ಕ ಸರೀರಿ. ಅವಸರ ಮಾಡಿ ಸಣ್ಣ ಸಂದಿಯೊಳಗ ಹೊಗಬ್ಯಾಡ್ರಿ. ಅವಸರ ಅವಂದು, ನಿಮ್ಮದಲ್ಲ.

ಸ್ಟುಟ್‌ಗಾರ್ಟ್‌ನಿಂದ, ಊರು ಶಿವಮೊಗ್ಗ

ಇಲ್ಲಿ ಜರ್ಮನಿಯಲ್ಲಿ ಎಲ್ಲರಿಗೂ ಬಾಯಿಪಾಠ ಆಗಿರೋ ಲೆಕ್ಕ: ಸ್ಪೀಡೋಮೀಟರ್‌ನಲ್ಲಿ ಎಷ್ಟಿದೆಯೋ ಅದರ ಅರ್ಧದಷ್ಟು ಮೀಟರ್ ಅಂತರ. 100 ಇದ್ದರೆ 50 ಮೀಟರ್. ಆಟೋಬಾನ್ (ಇಲ್ಲಿನ ಹೈವೇ) ಮೇಲಿನ ಸೇತುವೆಗಳಿಂದ ಕ್ಯಾಮೆರಾ ಇಟ್ಟು ಈ ಅಂತರವನ್ನೇ ಅಳೀತಾರೆ. ತೀರಾ ಹತ್ತಿರ ಹೋದವರಿಗೆ ದಂಡದ ಜೊತೆ ಕೆಲವು ಕಾಲ ಓಡಿಸೋದಕ್ಕೇ ನಿಷೇಧ. ಬಿಡದೆ ಅಂಟಿಕೊಂಡು ಲೈಟ್ ಹೊಡೆದು ಬೆದರಿಸಿದರೆ ಕ್ರಿಮಿನಲ್ ಕೇಸೂ ಆಗಬಹುದು. ನಮ್ಮಲ್ಲೂ ನಿಯಮ ಇಲ್ಲ ಅಂತಲ್ಲ. 2017ರ ಮೋಟಾರು ವಾಹನ ಚಾಲನಾ ನಿಯಮಾವಳಿಯಲ್ಲಿ, ಮುಂದಿನ ಗಾಡಿ ಒಮ್ಮೆಲೇ ನಿಂತರೂ ಗುದ್ದದಷ್ಟು ಅಂತರ ಇರಬೇಕು ಅಂತ ಇದೆ. ಅಪಾಯಕಾರಿ ಚಾಲನೆಗೆ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಇದೆ, 2019ರ ತಿದ್ದುಪಡಿ ಆದ ಮೇಲೆ 5,000 ರೂಪಾಯಿ ತನಕ ದಂಡ, ಜೈಲೂ ಆಗಬಹುದು.

ಆದರೆ ಇಲ್ಲಿ ನನಗೆ ಹೆಚ್ಚು ಇಷ್ಟವಾದ ನಿಯಮ ಮುಂದೆ ಇರೋ ಗಾಡಿಯವರದ್ದು. ಇಲ್ಲಿ ಬಲಕ್ಕೆ ಓಡಿಸೋದು, ದಾಟೋ ಲೇನ್ ಎಡದ್ದು. ದಾಟಿ ಮುಗಿದ ಮೇಲೆ ಆ ಲೇನಲ್ಲಿ ಉಳಿಯೋ ಹಾಗಿಲ್ಲ. ಊರಿಗೆ ಬಂದಾಗ ನೋಡ್ತೀನಿ, ಎಡಗಡೆ ಎರಡು ಲೇನ್ ಖಾಲಿ ಇದ್ದರೂ 80ರಲ್ಲಿ ಬಲಗಡೆ ತುದಿಯಲ್ಲೇ ಹೋಗೋ ಕಾರುಗಳು. "ನಾನು ಮಿತಿಯಲ್ಲೇ ಇದ್ದೀನಿ, ಅವನ್ಯಾಕೆ ಜೋರು ಹೋಗಬೇಕು?" ಅನ್ನೋ ವಾದ. ಅವನನ್ನ ತಡೆಯೋದು ನಮ್ಮ ಕೆಲಸ ಅಲ್ಲ. ಅವನನ್ನ ಹಿಂದೆ ಇಟ್ಟುಕೊಂಡು ನಮ್ಮ ಮಕ್ಕಳನ್ನ ಅಪಾಯಕ್ಕೆ ಒಡ್ಡೋದಕ್ಕಿಂತ ಮುಂದೆ ಕಳಿಸೋದೇ ಮೇಲು. ನೀವು ಹಾಗೆ ಮಾಡ್ತೀರಿ ಅಂತ ಹೇಳ್ತಿಲ್ಲ ಮೇಡಂ, ಪ್ರಶ್ನೆಯಲ್ಲೇ ಗೊತ್ತಾಗುತ್ತೆ. ಓದ್ತಿರೋ ಬೇರೆಯವರಿಗೆ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಮನೆಯವರಿಗೂ ಓದಿಸಿದೆ, ಬ್ರೇಕ್ ಲೈಟ್ ಮಾತು ನಿಂತಿತು. ಇನ್ನೊಂದು ಕೇಳ್ತೀನಿ: ರಾತ್ರಿ ವಾಪಸ್ ಬರುವಾಗ ಅಂಟಿಕೊಂಡೋನು ಹೈ ಬೀಮ್ ಹಾಕಿದರೆ ಏನೂ ಕಾಣಲ್ಲ. ಅಗಲೀಕರಣದ ಡೈವರ್ಷನ್ ಹತ್ತಿರ ಎಲ್ಲ ಒಮ್ಮೆಲೇ ನಿಂತುಬಿಡುತ್ತೆ. ಆಗ?

ಹಿರಿಯೂರಿನಿಂದ

ಒಳಗಿನ ಕನ್ನಡಿ ಕೆಳಗೆ ಒಂದು ಪುಟ್ಟ ಹಿಡಿ ಇರುತ್ತೆ ನೋಡಿ ತಂಗಿ. ಅದನ್ನ ನಿಮ್ಮ ಕಡೆಗೆ ಎಳೆದರೆ ಹಿಂದಿನ ಲೈಟ್ ಮಂಕಾಗುತ್ತೆ. ಹೊರಗಿನ ಕನ್ನಡಿ ಬೆಳಕು ಕಣ್ಣಿಗೆ ಹೊಡೆದರೆ ತಲೆ ಸ್ವಲ್ಪ ಮುಂದೆ ತನ್ನಿ ಸಾಕು, ಕನ್ನಡಿ ತಿರುಗಿಸಬೇಡಿ.

ಮುಂದೆ ಕೆಂಪು ದೀಪದ ಸಾಲು ಕಂಡ ಕೂಡಲೇ ಆಕ್ಸಿಲೇಟರ್ ಬಿಟ್ಟು, ನಾಲ್ಕೂ ಇಂಡಿಕೇಟರ್ ಹಾಕಿ. ಹಿಂದಿನವನಿಗೆ ಅದೇ ಸುದ್ದಿ. ಹಿಂದೆ ಎರಡು ಮೂರು ಗಾಡಿ ನಿಂತ ಮೇಲೆ ಆರಿಸಿ. ಮಳೆ, ಮಂಜಲ್ಲಿ ಓಡ್ತಾ ಇರುವಾಗ ಅದನ್ನ ಹಾಕ್ಕೊಂಡೇ ಹೋಗಬೇಡಿ, ನೀವು ನಿಂತಿದ್ದೀರೋ ಲೇನ್ ಬದಲಾಯಿಸ್ತೀರೋ ನಮಗೆ ತಿಳಿಯಲ್ಲ. ಸಾಲಲ್ಲಿ ನಿಲ್ಲುವಾಗ ಮುಂದಿನ ಗಾಡಿಯ ಹಿಂದಿನ ಟೈರು ರಸ್ತೆ ಮುಟ್ಟೋ ಜಾಗ ಕಾಣೋ ಹಾಗೆ ನಿಲ್ಲಿ. ಗೇರ್‌ನಲ್ಲೇ ಇರಿ, ಕಣ್ಣು ಕನ್ನಡಿ ಮೇಲೆ. ಹಿಂದಿನಿಂದ ಬರ್ತಿರೋ ಗಾಡಿ ನಿಧಾನ ಆಗ್ತಿಲ್ಲ ಅನ್ನಿಸಿದರೆ ಎಡಕ್ಕೆ ಸರಿಯೋಕೆ ಆ ಜಾಗ ಬೇಕಾಗುತ್ತೆ. ಲೈಟ್ ಇಲ್ಲದೆ ಕೆಟ್ಟು ನಿಂತ ಗಾಡಿ ಕಂಡರೆ ಮುಂದೆ ಎಲ್ಲಾದರೂ ಸುರಕ್ಷಿತವಾಗಿ ನಿಲ್ಲಿಸಿ ಹೈವೇ ಸಹಾಯವಾಣಿ 1033ಗೆ ಫೋನ್ ಮಾಡಿ, ಹತ್ತಿರದ ಕಿಲೋಮೀಟರ್ ಕಲ್ಲಿನ ನಂಬರ್ ಹೇಳಿ.