ಫೈರ್‌ಪ್ಲೇಸಿನ ಹೊಗೆ ಕೋಣೆಗೆ ಬರುತ್ತಿದೆ: ಚಿಮಣಿಯ ಲೈನರ್ ಬದಲಿಸಲೇಬೇಕೆ?

ಎಡಿಸನ್ ಗೃಹಿಣಿ:

ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಯ ಎಡಿಸನ್ ಬಳಿ 1960ರ ದಶಕದ ಒಂದು ಸ್ಪ್ಲಿಟ್ ಲೆವೆಲ್ ಮನೆಯನ್ನು ಕಳೆದ ಬೇಸಿಗೆಯಲ್ಲಿ ಕೊಂಡೆವು. ಕೆಳ ಅಂತಸ್ತಿನ ಫ್ಯಾಮಿಲಿ ರೂಮಿನಲ್ಲಿ ಸೌದೆ ಉರಿಸುವ ಇಟ್ಟಿಗೆಯ ಫೈರ್‌ಪ್ಲೇಸ್ ಇದೆ. ಅದರ ಚಿಮಣಿ ಮನೆಯ ಹೊರಗೋಡೆಗೆ ಒತ್ತಿಕೊಂಡು ಮೇಲೇರುತ್ತದೆ. ಚಳಿ ಶುರುವಾದ ಮೇಲೆ ಮೊದಲ ಸಲ ಬೆಂಕಿ ಹೊತ್ತಿಸಿದಾಗ, ಕೊಳವೆಯ ಬಾಯಿ ಮುಚ್ಚುವ ತಗಡಾದ ಡ್ಯಾಂಪರ್ ಪೂರ್ತಿ ತೆರೆದಿದ್ದರೂ, ಹೊಗೆ ಮೇಲಕ್ಕೆ ಹೋಗದೆ ಕೋಣೆಯನ್ನೆಲ್ಲ ತುಂಬಿಕೊಂಡಿತು.

ಅಂಚೆಯಲ್ಲಿ ಬಂದಿದ್ದ ಕೂಪನ್ ನೋಡಿ, 69 ಡಾಲರಿಗೆ ಚಿಮಣಿ ಶುಚಿ ಮಾಡಿಕೊಡುವವರನ್ನು ಕರೆಸಿದೆವು. ಬಂದವರು ಸ್ವಲ್ಪ ಹೊತ್ತು ಬ್ರಷ್ ಆಡಿಸಿ, ತಮ್ಮ ಫೋನಿನಲ್ಲಿ ಒಡೆದ ಕೊಳವೆಯ ಚಿತ್ರವೊಂದನ್ನು ತೋರಿಸಿ, ಚಿಮಣಿಯ ಒಳಮೈಗೆ ಹಾಕಿದ ಕೊಳವೆಯಾದ ಲೈನರ್ ಬಿರುಕು ಬಿಟ್ಟಿದೆ, ಹೀಗೇ ಬಿಟ್ಟರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಮನೆಯೊಳಗೆ ಬರುತ್ತದೆ, ಈಗಲೇ ಸಹಿ ಮಾಡಿದರೆ 6,500 ಡಾಲರಿಗೆ ಸ್ಟೀಲ್ ಲೈನರ್ ಇಳಿಸಿಕೊಡುತ್ತೇವೆ, ನಾಳೆ ಈ ದರ ಸಿಗದು ಎಂದರು. ನಮ್ಮ ಯಜಮಾನರು ಸಹಿ ಮಾಡಲಿಲ್ಲ. ಆದರೆ ಮನೆ ಬಿಸಿ ಮಾಡುವ ಬಾಯ್ಲರಿನ ಕೊಳವೆಯೂ ಇದೇ ಚಿಮಣಿಗೆ ಸೇರುವುದರಿಂದ, ಊರಿನಿಂದ ಬಂದಿರುವ ಅತ್ತೆ ಮಾವ ಕೆಳಗಿನ ಅಂತಸ್ತಿನಲ್ಲೇ ಮಲಗುವುದರಿಂದ, ಮನಸ್ಸಿಗೆ ನೆಮ್ಮದಿಯಿಲ್ಲ. ಹೊಗೆ ಹಿಂದಕ್ಕೆ ಬರಲು ಲೈನರ್ ಒಡೆದಿರುವುದು ಕಾರಣವಾಗಬಹುದೆ? ಅವರ ಮಾತನ್ನು ಪರೀಕ್ಷಿಸುವುದು ಹೇಗೆ?

ರಾರಿಟನ್ ತೀರದವ:

ಹೊಗೆಯ ಸಮಸ್ಯೆಯನ್ನೂ ಲೈನರಿನ ಸಮಸ್ಯೆಯನ್ನೂ ಬೇರೆ ಬೇರೆಯಾಗಿ ನೋಡಿ ಮೇಡಂ. ಬಿರುಕು ಬಿಟ್ಟ ಲೈನರ್ ಅಪಾಯಕಾರಿಯೇ ಸರಿ. ಆದರೆ ನೀವು ಹೇಳಿದಂತೆ ಹೊಗೆ ಕೋಣೆಯನ್ನು ತುಂಬುವುದಕ್ಕೆ ಸಾಮಾನ್ಯವಾಗಿ ಅದು ಕಾರಣವಲ್ಲ. ಕೆಳ ಅಂತಸ್ತಿನ ಒಲೆ ಮತ್ತು ಹೊರಗೋಡೆಯ ಚಿಮಣಿ, ಇವೆರಡು ಸೇರಿದ ಮನೆಗಳಲ್ಲಿ ಈ ದೂರು ತೀರಾ ಮಾಮೂಲು. ಚಳಿಗಾಲದಲ್ಲಿ ಮನೆಯೊಳಗಿನ ಬಿಸಿ ಗಾಳಿ ಮೇಲೇರಿ ಮೇಲಂತಸ್ತಿನ ಸಂದುಗಳಿಂದ ಹೊರಗೆ ಹೋಗುತ್ತಿರುತ್ತದೆ, ಅದರ ಜಾಗ ತುಂಬಲು ಕೆಳ ಅಂತಸ್ತು ಎಲ್ಲಿಂದಾದರೂ ಗಾಳಿ ಎಳೆದುಕೊಳ್ಳುತ್ತದೆ. ಮೂರು ಕಡೆಯಿಂದ ಚಳಿಗೆ ಒಡ್ಡಿಕೊಂಡ ಚಿಮಣಿಯೊಳಗೆ ತಣ್ಣನೆಯ ಭಾರವಾದ ಗಾಳಿ ನಿಂತಿರುವುದರಿಂದ, ಡ್ಯಾಂಪರ್ ತೆರೆದ ಕೂಡಲೇ ಅದೇ ಸುಲಭದ ದಾರಿಯಾಗಿ ಕೆಳಗಿಳಿಯುತ್ತದೆ. ಅಡಿಗೆಮನೆಯ ಎಕ್ಸಾಸ್ಟ್ ಫ್ಯಾನ್, ಬಟ್ಟೆ ಒಣಗಿಸುವ ಯಂತ್ರ ಓಡುತ್ತಿದ್ದರೆ ಎಳೆತ ಇನ್ನೂ ಜೋರು.

ಖರ್ಚಿಲ್ಲದ ಪರೀಕ್ಷೆ ಇದು. ಬೆಂಕಿ ಹಾಕದೆ, ಡ್ಯಾಂಪರ್ ತೆರೆದು, ಅದರ ಬಾಯಿಯ ಕೆಳಗೆ ಒಂದು ಊದುಬತ್ತಿ ಹಿಡಿಯಿರಿ. ಹೊಗೆಯ ಎಳೆ ಕೋಣೆಯತ್ತ ಬಾಗಿದರೆ ಫ್ಯಾನುಗಳನ್ನೆಲ್ಲ ಆರಿಸಿ, ಮೇಲಂತಸ್ತಿನ ಕಿಟಕಿಗಳನ್ನು ಮುಚ್ಚಿ, ಅದೇ ಕೋಣೆಯ ಒಂದು ಕಿಟಕಿಯನ್ನು ಎರಡು ಬೆರಳಷ್ಟು ತೆರೆದು ಮತ್ತೊಮ್ಮೆ ಹಿಡಿಯಿರಿ. ಈಗ ಎಳೆ ಮೇಲಕ್ಕೆ ತಿರುಗಿದರೆ ತೊಂದರೆ ಗಾಳಿಯ ಒತ್ತಡದ್ದು. ಮುಂದೆ ಬೆಂಕಿ ಹಾಕುವಾಗ ಆ ಕಿಟಕಿ ತೆರೆದಿಟ್ಟು, ಮೊದಲು ಸುರುಳಿ ಸುತ್ತಿದ ಪತ್ರಿಕೆಯೊಂದನ್ನು ಡ್ಯಾಂಪರಿನ ಹತ್ತಿರ ಉರಿಸಿ ಕೊಳವೆಯನ್ನು ಬಿಸಿ ಮಾಡಿಕೊಂಡರೆ ಸಾಕಾಗಬಹುದು. ತಿರುಗದಿದ್ದರೆ ಕೊಳವೆಯಲ್ಲಿ ಅಡಚಣೆಯಿದೆಯೇ, ಒಲೆಬಾಯಿಯ ಅಗಲಕ್ಕೆ ಕೊಳವೆ ಕಿರಿದಾಯಿತೇ, ಚಿಮಣಿಯ ಎತ್ತರ ಕಡಿಮೆಯೇ ಎಂದು ನೋಡಬೇಕು. ಚಿಮಣಿ ಸೂರಿನಿಂದ ಹೊರಬರುವಲ್ಲಿಂದ ಕನಿಷ್ಠ 3 ಅಡಿ, ಸುತ್ತಲಿನ 10 ಅಡಿಯೊಳಗಿನ ಯಾವುದೇ ಭಾಗಕ್ಕಿಂತ ಕನಿಷ್ಠ 2 ಅಡಿ ಎತ್ತರವಿರಬೇಕೆಂಬುದು ನಿಯಮ.

ಮಾಲೂರು ಮೂಲ, ಜೆರ್ಸಿ ವಾಸ:

ಮೇಲಿನವರು ಹೇಳಿದ ಪರೀಕ್ಷೆ ಮಾಡಿ. ಆದರೆ ಚಿಮಣಿಯ ಒಳಗನ್ನು ಸರಿಯಾದವರು ನೋಡುವ ತನಕ ಸೌದೆ ಉರಿಸಬೇಡಿ. ಈ ದೇಶದ ಅಗ್ನಿಸುರಕ್ಷಾ ಮಾನದಂಡವಾದ ಎನ್‌ಎಫ್‌ಪಿಎ 211ರಲ್ಲಿ ಮೂರು ಹಂತದ ತಪಾಸಣೆಗಳಿವೆ. ಪ್ರತಿವರ್ಷ ಮಾಡಿಸಬೇಕಾದದ್ದು ಮೊದಲ ಹಂತ, ಕಣ್ಣಿಗೆ ಕಾಣುವಷ್ಟನ್ನು ನೋಡುವುದು. ಮನೆ ಕೈ ಬದಲಾದಾಗ, ಚಿಮಣಿಯಲ್ಲಿ ಬೆಂಕಿ ಹೊತ್ತಿಕೊಂಡಾಗ, ಒಲೆಯನ್ನು ಬದಲಿಸುವಾಗ ಎರಡನೆಯ ಹಂತ ಬೇಕು. ಅದರಲ್ಲಿ ಕೊಳವೆಯೊಳಗೆ ಕ್ಯಾಮೆರಾ ಇಳಿಸಿ ತುದಿಯಿಂದ ತುದಿಯವರೆಗೆ ನೋಡುತ್ತಾರೆ. ಗೋಡೆ ಒಡೆದು ನೋಡುವ ಮೂರನೆಯದು ಗಂಭೀರವಾದ ಶಂಕೆಯಿದ್ದಾಗ ಮಾತ್ರ. ಮನೆ ಕೊಂಡವರು ನೀವು. ಎರಡನೆಯ ಹಂತದ ತಪಾಸಣೆ ಆಗಲೇ ಆಗಬೇಕಿತ್ತು, ಮನೆ ಕೊಳ್ಳುವಾಗಿನ ಸಾಮಾನ್ಯ ಇನ್‌ಸ್ಪೆಕ್ಷನ್ನಿನಲ್ಲಿ ಅದು ಸೇರಿರುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ಆ ಕೂಪನ್ ಬಾಗಿಲು ತೆರೆಸುವ ಉಪಾಯವಷ್ಟೇ. ಫೋನಿನಲ್ಲಿ ತೋರಿಸುವ ಚಿತ್ರ ಯಾರ ಮನೆಯ ಚಿಮಣಿಯದೋ ದೇವರೇ ಬಲ್ಲ. ವಿಡಿಯೊ ನಿಮ್ಮ ಒಲೆಬಾಯಿಯಿಂದಲೇ ಶುರುವಾಗಿ, ನಡುವೆ ಕತ್ತರಿಸದೆ, ತುದಿಯಲ್ಲಿ ಆಕಾಶ ಕಾಣುವವರೆಗೆ ಸಾಗಿರಬೇಕು. ಅದರ ಪ್ರತಿಯನ್ನು ಕೇಳಿ ಪಡೆಯಿರಿ. ಚಿಮಣಿ ಸೇಫ್ಟಿ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕದ ಪ್ರಮಾಣಪತ್ರವನ್ನು ಕೆಲಸಗಾರರಿಗೆ ವ್ಯಕ್ತಿಗತವಾಗಿ ಕೊಡುತ್ತಾರೆ, ಅವರ ಜಾಲತಾಣದಲ್ಲಿ ಹುಡುಕಿ ಖಾತರಿ ಮಾಡಿಕೊಳ್ಳಬಹುದು. ತಪಾಸಣೆಗೆ ಬರುವವರಿಗೆ, ರಿಪೇರಿಯ ಕೆಲಸವನ್ನು ಬೇರೆಯವರಿಗೂ ಕೇಳುತ್ತೇವೆಂದು ಮೊದಲೇ ತಿಳಿಸಿಬಿಡಿ. ವರದಿಯ ದನಿ ತಾನಾಗಿ ಬದಲಾಗುತ್ತದೆ. ನ್ಯೂಜೆರ್ಸಿಯಲ್ಲಿ 500 ಡಾಲರ್ ಮೀರಿದ ಮನೆ ರಿಪೇರಿಯ ಕರಾರು ಬರಹದಲ್ಲಿರಬೇಕು, ಗುತ್ತಿಗೆದಾರರು ರಾಜ್ಯದಲ್ಲಿ ನೋಂದಾಯಿಸಿರಬೇಕು, ಕರಾರಿನ ಪ್ರತಿ ಕೈಸೇರಿದ ಮೂರನೆಯ ವ್ಯವಹಾರದಿನದ ಮಧ್ಯರಾತ್ರಿಯೊಳಗೆ ಅದನ್ನು ರದ್ದು ಮಾಡುವ ಹಕ್ಕು ನಿಮಗಿದೆ. ಇಂದೇ, ಈಗಲೇ ಎನ್ನುವವರಿಗೆ ಈ ಕಾನೂನಿನ ಹೆಸರೆತ್ತಿದರೆ ಅರ್ಧ ಅವಸರ ಇಳಿಯುತ್ತದೆ.

ಬಾಯ್ಲರಿನ ವಿಷಯವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಹೊರಗೆ ಒಂದೇ ಚಿಮಣಿಯಂತೆ ಕಂಡರೂ ಒಳಗೆ ಒಲೆಗೊಂದು, ಬಾಯ್ಲರಿಗೊಂದು ಪ್ರತ್ಯೇಕ ಕೊಳವೆಗಳಿರಬೇಕು. ಒಲೆ ಜೋರಾಗಿ ಉರಿಯುವಾಗ ಮನೆಯ ಗಾಳಿಯನ್ನು ಎಳೆದುಕೊಳ್ಳುವುದರಿಂದ, ಬಾಯ್ಲರಿನ ಕೊಳವೆಯ ಅನಿಲ ಹಿಂದಕ್ಕೆ ಬರುವ ಸಂಭವವಿದೆ. ಹಿರಿಯರು ಮಲಗುವ ಕೋಣೆಯ ಹೊರಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದೆಯೇ, ಅದರ ಅವಧಿ ಮುಗಿದಿಲ್ಲವೇ ಎಂದು ಇವತ್ತೇ ನೋಡಿ. ಎರಡೂ ಕೊಳವೆಗಳಿಗೆ ಕ್ಯಾಮೆರಾ ಇಳಿಸಲು ಹೇಳಿ.

ಸೌದೆ ಶಾಸ್ತ್ರಿ:

ಯಾರೂ ಸೌದೆಯ ಮಾತೆತ್ತಲಿಲ್ಲ. ಹಸಿ ಕಟ್ಟಿಗೆ ಉರಿಸಿದರೆ ಹೊಗೆ ತಣ್ಣಗಿರುತ್ತದೆ, ತಣ್ಣನೆಯ ಹೊಗೆ ಕೊಳವೆಯ ಗೋಡೆಗೆ ಕ್ರಿಯೋಸೋಟ್ ಎಂಬ ಉರಿಯಬಲ್ಲ ಮಸಿಯಾಗಿ ಅಂಟುತ್ತದೆ. ನಮ್ಮೂರಿನ ಅಡಿಗೆಮನೆಯ ಜಂತೆಗೆ ಜೋತುಬೀಳುತ್ತಿದ್ದ ಇಲ್ಲಣದಂತೆ ಪುಡಿಯಾಗಿರುವಾಗ ಅದು ಬ್ರಷ್ಷಿಗೆ ಬರುತ್ತದೆ. ಪದರದ ಮೇಲೆ ಪದರ ಸೇರಿ ಡಾಂಬರಿನ ಹೊಳಪು ಬಂದಿತೆಂದರೆ ಬ್ರಷ್ ಅದರ ಮೇಲೆ ಜಾರುತ್ತದೆ, ಕಿಡಿ ತಗುಲಿದರೆ ಚಿಮಣಿಯೊಳಗೇ ಬೆಂಕಿ. ಕಾಲು ಇಂಚಿನ ಅರ್ಧದಷ್ಟು ಮಸಿ ಸೇರಿದರೆ ಶುಚಿ ಮಾಡಿಸಬೇಕು. ಸೌದೆಯ ತೇವಾಂಶ ಶೇ. 20ಕ್ಕಿಂತ ಕಡಿಮೆಯಿರಬೇಕು, ಸಣ್ಣ ಮೀಟರ್ ಅಗ್ಗಕ್ಕೆ ಸಿಗುತ್ತದೆ, ಕೊರಡನ್ನು ಆಗಲೇ ಸೀಳಿ ಒಳಮೈಗೆ ಚುಚ್ಚಿ ನೋಡಿ, ಹೊರಮೈ ಯಾವಾಗಲೂ ಸುಳ್ಳು ಹೇಳುತ್ತದೆ. ಓಕ್ ಕಟ್ಟಿಗೆಗೆ ಒಂದು ವರ್ಷ ಸಾಲದು. ಬೂದಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಬೇಡಿ. ಒಳಗೆ ಕೆಂಡ ದಿನಗಟ್ಟಲೆ ಜೀವಂತವಾಗಿರುತ್ತದೆ, ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಮನೆಯಿಂದ ದೂರ ಇಡಿ.

ಎಡಿಸನ್ ಗೃಹಿಣಿ:

ಎಲ್ಲರಿಗೂ ಧನ್ಯವಾದ. ಊದುಬತ್ತಿಯ ಹೊಗೆ ನೇರವಾಗಿ ನನ್ನ ಮುಖಕ್ಕೇ ಬಂತು. ಕಿಟಕಿ ತೆರೆದು, ಅಡಿಗೆಮನೆಯ ಫ್ಯಾನ್ ಆರಿಸಿದಾಗ ಸ್ವಲ್ಪ ತಡವರಿಸಿ ಮೇಲಕ್ಕೆ ತಿರುಗಿತು. ಅಲಾರಂ ಹಳೆಯದಾಗಿತ್ತು, ಹೊಸದನ್ನು ಹಾಕಿದ್ದೇವೆ. ಪ್ರಮಾಣಪತ್ರವಿರುವ ಬೇರೊಬ್ಬರು ಬಂದು ಎರಡೂ ಕೊಳವೆಗಳನ್ನು ಕ್ಯಾಮೆರಾದಲ್ಲಿ ನೋಡಿ ವಿಡಿಯೊ ಕೊಟ್ಟರು. ಬಾಯ್ಲರಿನ ಕೊಳವೆ ಸರಿಯಾಗಿದೆ. ಒಲೆಯದರಲ್ಲಿ, ಲೈನರಾಗಿ ಒಂದರ ಮೇಲೊಂದು ಜೋಡಿಸಿದ ಮಣ್ಣಿನ ಕೊಳವೆಗಳ ಪೈಕಿ ತೀರಾ ಮೇಲಿನದೊಂದೇ ಸೀಳಿದೆ. ತುದಿಗೆ ಮಳೆ ತಡೆಯುವ ಕ್ಯಾಪ್ ಇಲ್ಲದೆ, ಚಿಮಣಿಯ ನೆತ್ತಿಯ ಸಿಮೆಂಟಿನ ಹಾಸಾದ ಕ್ರೌನ್ ಬಿರುಕು ಬಿಟ್ಟು, ಇಳಿದ ನೀರು ಹಿಮಗಟ್ಟಿ ಒಡೆದಿದೆಯಂತೆ. ಕಡ್ಡಿಗಳನ್ನು ಅಂಟಿಸಿ ಕಟ್ಟಿದ ಖಾಲಿ ಹಕ್ಕಿಗೂಡೊಂದೂ ಇದೆ. ಆ ಒಂದು ಕೊಳವೆ ಬದಲಿಸಿ, ಕ್ರೌನ್ ಹೊಸದಾಗಿ ಮಾಡಿ, ಕ್ಯಾಪ್ ಹಾಕಿದರೆ ಸಾಕು, ಪೂರ್ತಿ ಲೈನರ್ ಬೇಡ ಎಂದು ಬರೆದುಕೊಟ್ಟಿದ್ದಾರೆ. ಎಲ್ಲವನ್ನೂ ವಸಂತಕ್ಕೆ ಮುಂದೂಡಬಹುದೆ?

ರಾರಿಟನ್ ತೀರದವ:

ಕ್ಯಾಪನ್ನು ಮುಂದೂಡಬೇಡಿ. ಆ ಗೂಡು ಚಿಮಣಿ ಸ್ವಿಫ್ಟ್ ಎಂಬ ಹಕ್ಕಿಯದಿರಬೇಕು. ಅವು ಚಳಿಗಾಲವನ್ನು ದಕ್ಷಿಣ ಅಮೆರಿಕದಲ್ಲಿ ಕಳೆದು ಏಪ್ರಿಲ್ ಕೊನೆಯ ಹೊತ್ತಿಗೆ ಮರಳುತ್ತವೆ. 1918ರ ವಲಸೆಹಕ್ಕಿಗಳ ಕಾಯ್ದೆಯ ರಕ್ಷಣೆ ಇರುವುದರಿಂದ, ಮೊಟ್ಟೆ ಮರಿಗಳಿರುವ ಗೂಡನ್ನು ಮುಟ್ಟುವಂತಿಲ್ಲ. ಅವು ಬಂದು ಕೂತರೆ ಶರತ್ಕಾಲದ ತನಕ ನಿಮ್ಮ ಕೆಲಸ ನಿಂತಂತೆಯೇ. ಖಾಲಿ ಗೂಡನ್ನು ಈಗಲೇ ತೆಗೆಸಿ ಜಾಲರಿಯಿರುವ ಸ್ಟೇನ್‌ಲೆಸ್ ಸ್ಟೀಲ್ ಕ್ಯಾಪ್ ಹಾಕಿಸಿ, ಮುಂದೆ ಕ್ರೌನ್ ಕೆಲಸಕ್ಕೆ ಬಿಚ್ಚಿ ಮತ್ತೆ ಕೂರಿಸುವಂತಿರಲಿ. ಗಾರೆಯ ಕೆಲಸವನ್ನು ಮಾತ್ರ ರಾತ್ರಿಯೂ ಹಿಮಗಟ್ಟದ ಹವಾಮಾನ ಬರುವವರೆಗೆ ನಿಲ್ಲಿಸಿ, ಇಲ್ಲದಿದ್ದರೆ ಹೊಸ ಕ್ರೌನ್ ಕೂಡ ಬಿರುಕು ಬಿಡುತ್ತದೆ. ಕೊಳವೆ ಬದಲಿಸುವವರೆಗೆ ಒಲೆಗೆ ಬೆಂಕಿ ಬೇಡ, ಡ್ಯಾಂಪರ್ ಮುಚ್ಚಿಡಿ.