ಪದಚರ್ಚೆ: ಸುಡುಮದ್ದು ಪ್ರದರ್ಶನದ ಪದಗಳು – ಎಲ್ಲದಕ್ಕೂ ‘ಬತ್ತಿ’ ಸಾಕೇ?

ಪ್ರಶ್ನೆ (ಮಂಗಳೂರಿನಿಂದ)

ಮಾನ್ಯರೇ,
ಜಾತ್ರೆ ಮತ್ತು ಬೀಚ್ ಉತ್ಸವಗಳ ಸುಡುಮದ್ದು ಪ್ರದರ್ಶನ ಹೇಗೆ ನಡೆಯುತ್ತದೆ ಎಂದು ಹೊಸಬರಿಗೆ ತಿಳಿಸುವ ಕನ್ನಡ ಕೈಪಿಡಿಯೊಂದರ ಕರಡು ತಿದ್ದಲು ಬಂದಿದೆ. ಅದರಲ್ಲಿ ಶೆಲ್ಲಿಗೆ (ಮೇಲೇರಿ ಒಡೆಯುವ ಮದ್ದಿನ ಗುಂಡು) ‘ಬಾಂಬು’, ಮಾರ್ಟರಿಗೆ (ಅದನ್ನು ಹಾರಿಸುವ ಕೊಳವೆ) ‘ಫಿರಂಗಿ’, ಫ್ಯೂಸ್ ಬಂದಲ್ಲೆಲ್ಲ ‘ಬತ್ತಿ’ ಎಂದಿದೆ. ಶೆಲ್ ಕೊಳವೆಯೊಳಗೇ ಒಡೆದು ಕಿಡಿ ಮೇಲಕ್ಕೆ ಚಿಮ್ಮುವ ಅವಘಡಕ್ಕೆ ‘ಹೂಕುಂಡ’ ಎಂದು ಬರೆದಿದ್ದಾರೆ. ಇವು ಸರಿಯೇ? ಬೆಡಿ, ಸುಡುಮದ್ದು, ಸಿಡಿಮದ್ದು – ಯಾವುದನ್ನು ಎಲ್ಲಿ ಬಳಸಬೇಕು?

ಉತ್ತರ 1 (ಉಡುಪಿಯಿಂದ)

ನಮಸ್ಕಾರ. ಉಳಿದ ಪದಗಳಿಗೆ ಆಮೇಲೆ ಬರುತ್ತೇನೆ, ಮೊದಲು ‘ಬತ್ತಿ’ಯನ್ನು ಹಾಗೇ ಬಿಡಬೇಡಿ. ಒಂದೇ ಗುಂಡಿನ ಮೇಲೆ ಬೇರೆ ಬೇರೆ ಕೆಲಸದ ಬತ್ತಿಗಳಿರುತ್ತವೆ. ಅವುಗಳ ವೇಗದಲ್ಲಿರುವ ವ್ಯತ್ಯಾಸವೇ ಕಿಡಿ ಮುಟ್ಟಿಸಿದವನಿಗೆ ಹಿಂದೆ ಸರಿಯಲು ಸಿಗುವ ಹೊತ್ತು.

ಮೊದಲನೆಯದು ಬರಿಯ ಮದ್ದು ಬಳಿದ ನೂಲು. ತೆರೆದಿದ್ದಾಗ ಇದು ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರಿನಂತೆ ಉರಿಯುತ್ತದೆ. ಇದೇ ನೂಲನ್ನು ಕಾಗದದ ತೆಳು ಕೊಳವೆಯೊಳಗೆ ತೂರಿಸಿದರೆ ಕತೆಯೇ ಬೇರೆ. ಬಿಸಿ ಅನಿಲಕ್ಕೆ ಪಕ್ಕಕ್ಕೆ ಹೋಗಲು ಜಾಗವಿಲ್ಲದೆ ಅದು ಮುಂದಕ್ಕೆ ನುಗ್ಗಿ, ಮುಂದಿನ ನೂಲನ್ನೂ ಹೊತ್ತಿಸುತ್ತ ಸೆಕೆಂಡಿಗೆ ಹಲವು ಮೀಟರ್ ಓಡುತ್ತದೆ. ಗುಂಡು ಹಾರಿಸುವ ಕೊಳವೆಯ ಬಾಯಿಯಿಂದ ಹೊರಗೆ ಇಳಿಬಿಟ್ಟಿರುವುದು ಈ ಓಟದ ಬತ್ತಿ. ಅದರ ತುದಿಯಲ್ಲಿ ಒಂದಿಷ್ಟು ನೂಲನ್ನು ಕಾಗದವಿಲ್ಲದೆ ಬಿಟ್ಟು, ಮೇಲೊಂದು ಟೋಪಿ ಹಾಕಿರುತ್ತಾರೆ. ಟೋಪಿ ತೆಗೆದು ಕಿಡಿ ಮುಟ್ಟಿಸಬೇಕಾದ್ದು ಆ ಬರಿಯ ತುದಿಗೆ, ಅದೂ ತೋಳು ಪೂರಾ ಚಾಚಿ, ಮೈಯ ಯಾವ ಭಾಗವೂ ಕೊಳವೆಯ ಬಾಯಿಯ ಮೇಲೆ ಬಾರದಂತೆ. ಕರಡಿನಲ್ಲಿ ‘ಬತ್ತಿಗೆ ಬೆಂಕಿ ಹಚ್ಚಿ ಹಿಂದೆ ಸರಿಯಿರಿ’ ಎಂದಷ್ಟೇ ಇದ್ದರೆ, ಹೊಸಬ ನಡುವೆ ಕಾಗದ ಹರಿದಲ್ಲಿ ಹಚ್ಚಿಯಾನು. ಆಗ ಹಿಂದೆ ಸರಿಯುವ ಮಾತೇ ಇಲ್ಲ.

ಇನ್ನೊಂದು ಬತ್ತಿ ಗುಂಡಿನ ಹೊಟ್ಟೆಗೆ ಹೋಗುವುದು. ಇದನ್ನು ಯಾರೂ ಕೈಯಿಂದ ಹಚ್ಚುವುದಿಲ್ಲ. ಗುಂಡನ್ನು ಮೇಲಕ್ಕೆಸೆಯುವ ಮದ್ದಿನ ಉರಿಯೇ ಅದಕ್ಕೆ ತಗುಲುತ್ತದೆ. ಗುಂಡು ಏರುವಷ್ಟು ಹೊತ್ತು ಉರಿದು ತುದಿ ಮುಟ್ಟಿದಾಗ ಒಳಗಿನ ಮದ್ದಿಗೆ ಕಿಡಿ ದಾಟಿಸುತ್ತದೆ. ಮೂರಿಂಚಿನ ಗುಂಡಿಗೆ ಈ ಹೊತ್ತು ಮೂರು ಸೆಕೆಂಡಿನ ಆಸುಪಾಸು. ಹಲವು ಅವಘಡಗಳ ಬೇರು ಇಲ್ಲಿದೆ. ಬತ್ತಿ ಹೊತ್ತದಿದ್ದರೆ ಗುಂಡು ಸಿಡಿಯದೆ ನೆಲಕ್ಕೆ ಬೀಳುತ್ತದೆ, ನಿಧಾನವಾಗಿ ಉರಿದರೆ ಇಳಿಯುವಾಗ ತಗ್ಗಿನಲ್ಲಿ ಸಿಡಿಯುತ್ತದೆ. ಬತ್ತಿಯ ಬುಡ ಸಡಿಲವಾಗಿದ್ದರೆ ಎಸೆಯುವ ಮದ್ದಿನ ಉರಿ ನೇರ ಒಳನುಗ್ಗಿ ಕೊಳವೆಯಲ್ಲೇ ಒಡೆಯುತ್ತದೆ.

ಆದ್ದರಿಂದ ನನ್ನ ಸಲಹೆ: ತೆರೆದ ನೂಲಿಗೆ ‘ತುದಿಬತ್ತಿ’, ಕಾಗದದೊಳಗಿನದಕ್ಕೆ ‘ಓಟಬತ್ತಿ’, ಗುಂಡಿನೊಳಗಿನದಕ್ಕೆ ‘ಒಳಬತ್ತಿ’. ಅಂಗಡಿಯ ಪಟಾಕಿಗಳಲ್ಲಿ ಕಾಣುವ ಹಸಿರು ದಾರದಂಥದ್ದು, ಸೆಕೆಂಡಿಗೆ ಸುಮಾರು ಒಂದು ಸೆಂಟಿಮೀಟರ್ ಉರಿಯುವಂಥದ್ದು, ‘ನಿಧಾನ ಬತ್ತಿ’. ಕಾಸರಗೋಡಿನಿಂದ ಬರುವ ಕೆಲಸಗಾರರು ‘ತಿರಿ’ ಎನ್ನುತ್ತಾರೆ. ಪದ ಚೆನ್ನಾಗಿಯೇ ಇದೆ, ಆದರೆ ಅದೂ ಎಲ್ಲಕ್ಕೂ ಒಂದೇ. ವಿದ್ಯುತ್ತಿನಿಂದ ಹಚ್ಚುವ ಸಾಧನವನ್ನು ‘ವಿದ್ಯುತ್ ಬತ್ತಿ’ ಎಂದಿದ್ದರೆ ಹೊಡೆದುಹಾಕಿ. ಅದು ಉರಿಯುತ್ತ ಸಾಗುವ ವಸ್ತುವೇ ಅಲ್ಲ: ಸಣ್ಣ ತಂತಿಯ ಮೇಲೆ ಬೆಂಕಿಕಡ್ಡಿಯ ತಲೆಯಂಥ ಮದ್ದು, ಕರೆಂಟು ಹರಿದ ಕ್ಷಣವೇ ಕಿಡಿ. ಎಲ್ಲರೂ ಹೇಳುವ ‘ಇಗ್ನೈಟರ್’ ಇರಲಿ. ಅದರ ಎರಡು ತಂತಿಗಳ ತುದಿಯನ್ನು ಕರೆಂಟು ಹರಿಸುವ ಬಾಕ್ಸಿಗೆ ಸಿಕ್ಕಿಸುವವರೆಗೂ ಒಂದಕ್ಕೊಂದು ಸುತ್ತಿಯೇ ಇಡಬೇಕೆಂಬ ಸಾಲು ಮಾತ್ರ ಬಿಟ್ಟುಹೋಗಬಾರದು.

‘ಬಾಂಬು’ ಬೇಡ, ಪೊಲೀಸು ಭಾಷೆಯಾಯಿತು. ‘ಗುಂಡು’ ಸಾಕು. ಎಸೆಯುವ ಮದ್ದಿಗೆ ‘ಎತ್ತುಮದ್ದು’, ಒಡೆಯುವುದಕ್ಕೆ ‘ಒಡೆಮದ್ದು’, ಬಣ್ಣ ಕೊಡುವ ಉಂಡೆಗಳಿಗೆ ‘ಗುಳಿಗೆ’ ಎಂದರೆ ಓದುಗರಿಗೆ ತೊಡಕಿಲ್ಲ (ಮದ್ದಿದ್ದಲ್ಲಿ ಗುಳಿಗೆ ಹೇಗೂ ಹೊಂದುತ್ತದೆ). ‘ಹೂಕುಂಡ’ ಅಂತೂ ಅಪಾಯಕಾರಿ ಅನುವಾದ. ಮಕ್ಕಳು ದೀಪಾವಳಿಗೆ ಹಚ್ಚುವ ವಸ್ತುವಿನ ಹೆಸರನ್ನು ಅವಘಡಕ್ಕಿಟ್ಟರೆ ಓದಿದವನು ಚಂದ ಎಂದುಕೊಂಡಾನು. ‘ಕೊಳವೆಯಲ್ಲೇ ಒಡೆದದ್ದು’ ಎಂದು ಬಿಡಿಸಿಯೇ ಬರೆಯಲಿ.

ಅಳತೆಯಲ್ಲಿ ಇಂಚನ್ನು ಸೆಂಟಿಮೀಟರಿಗೆ ಬದಲಿಸಬೇಡಿ. ‘ಮೂರಿಂಚಿನ ಗುಂಡು’ ಎಂದರೆ ಮೂರಿಂಚು ಒಳ ಅಗಲದ ಕೊಳವೆಗೆ ಇಳಿಯುವ ಗುಂಡು. ಗುಂಡಿನದೇ ಅಡ್ಡಳತೆ ಅದಕ್ಕಿಂತ ಕಡಿಮೆ. 7.6 ಸೆಂ.ಮೀ. ಎಂದು ಬರೆದರೆ ಯಾರಾದರೂ ಗುಂಡನ್ನೇ ಅಳೆಯಲು ಹೊರಡುತ್ತಾರೆ. ದೂರದ ಲೆಕ್ಕವೂ ಇಂಚಿನ ಮೇಲೆಯೇ ನಿಂತಿದೆ. ಅಮೆರಿಕದ ಅಗ್ನಿಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎಯ 1123ನೇ ಸಂಹಿತೆ ಪ್ರೇಕ್ಷಕರನ್ನು ಇಂಚಿಗೆ 70 ಅಡಿಯಂತೆ ದೂರವಿಡಬೇಕೆನ್ನುತ್ತದೆ: ಮೂರಿಂಚಿಗೆ 210 ಅಡಿ, ಆರಿಂಚಿಗೆ 420. ಪಣಂಬೂರು, ಮಲ್ಪೆಯಂಥ ಕಡಲತೀರದಲ್ಲಿ ಸಂಜೆಗೆ ಗಾಳಿ ಕಡಲಿನಿಂದ ಜನರತ್ತ ಬೀಸುತ್ತಿರುತ್ತದೆ. ಅಲ್ಲಿ ಇದಕ್ಕಿಂತ ಹೆಚ್ಚೇ ಬೇಕು, ಮಡಲಿನ ಚಪ್ಪರವಿದ್ದರೆ ಕೇಳುವುದೇ ಬೇಡ.

ಉತ್ತರ 2 (ಪುತ್ತೂರಿನಿಂದ)

ಬೆಡಿಯ ಬಗ್ಗೆ ಎರಡು ಮಾತು. ತಮಿಳು, ಮಲಯಾಳದ ‘ವೆಡಿ’ಯೇ ನಮ್ಮಲ್ಲಿ ‘ಬೆಡಿ’. ತುಳುವಿನಲ್ಲಿ ಕೋವಿಗೂ ಇದೇ ಪದ. ‘ಪುತ್ತೂರು ಬೆಡಿ’ ಎಂದಾಗ ಅದು ಗುಂಡಿನ ಹೆಸರಲ್ಲ, ಏಪ್ರಿಲಿನಲ್ಲಿ ಮಹಾಲಿಂಗೇಶ್ವರನ ಜಾತ್ರೆಯಲ್ಲಿ ನಡೆಯುವ ಇಡೀ ಪ್ರದರ್ಶನದ ಹೆಸರು. ಹಾಗಾಗಿ ಪ್ರದರ್ಶನಕ್ಕೆ ಬೆಡಿ ಅಥವಾ ಸುಡುಮದ್ದು, ಎರಡೂ ಸರಿ. ಘಟ್ಟದ ಮೇಲಿನವರೂ ಓದುವುದಾದರೆ ಸುಡುಮದ್ದು ಒಳ್ಳೆಯದು. ಸಿಡಿಮದ್ದನ್ನು ಕಲ್ಲುಕೋರೆಯವರಿಗೆ ಬಿಟ್ಟುಕೊಡಿ.

ಮಾರ್ಟರಿಗೆ ಕೆಲವರು ‘ಗರ್ನಾಲು’, ‘ಕದಿನ’ ಸೂಚಿಸಬಹುದು. ಒಪ್ಪಬೇಡಿ. ಗರ್ನಾಲಿನಲ್ಲಿ ಕಬ್ಬಿಣದ ಗಟ್ಟಿ ಕುಪ್ಪಿಗೆ ಮದ್ದು ತುಂಬಿ ಮೇಲೆ ಗಿಡಿದು ಸಿಡಿಸುತ್ತಾರೆ. ಬೇಕಾದ್ದು ಸದ್ದು, ಏನೂ ಹಾರಬಾರದು. ಮಾರ್ಟರಿನ ಕೆಲಸವೇ ಹಾರಿಸುವುದು. ‘ಕೊಳವೆ’ ಎಂದರಾಯಿತು. ಆದರೆ ಎಂಥ ಕೊಳವೆ ಎಂದು ಕೈಪಿಡಿ ಹೇಳಲೇಬೇಕು, ಇಲ್ಲದಿದ್ದರೆ ಹಾರ್ಡ್‌ವೇರ್ ಅಂಗಡಿಯ ಪಿವಿಸಿ ಪೈಪು ತಂದಾರು. ಪಿವಿಸಿ ಒಡೆದರೆ ಚೂಪು ಚೂರುಗಳಾಗಿ ಹಾರುತ್ತದೆ, ಮೈಗೆ ಹೊಕ್ಕರೆ ಎಕ್ಸ್‌ರೇಯಲ್ಲೂ ಸರಿಯಾಗಿ ಕಾಣುವುದಿಲ್ಲ. ಎಚ್‌ಡಿಪಿಇ (ಇನ್ನೊಂದು ಬಗೆಯ ಪ್ಲಾಸ್ಟಿಕ್) ಕೊಳವೆ ಹೆಚ್ಚಾಗಿ ಉಬ್ಬಿ ಸೀಳುತ್ತದೆ. ಮರಳಿನಲ್ಲಿ ಹೂಳುವುದಾದರೆ ಉದ್ದದ ಮೂರರಲ್ಲಿ ಎರಡು ಪಾಲಾದರೂ ಒಳಗಿರಬೇಕು, ತಳದ ಬಿರಡೆ ಅಲುಗಾಡಬಾರದು. ಬಿರಡೆ ಕಿತ್ತುಹೋದರೆ ಎತ್ತುಮದ್ದಿನ ಬಲವೆಲ್ಲ ಕೆಳಗಿನ ಮರಳಿಗೆ, ಗುಂಡು ತಲೆಮಟ್ಟದಲ್ಲಿ ಒಡೆಯುತ್ತದೆ.

ಹಚ್ಚಿಯೂ ಹಾರದ ಗುಂಡಿಗೆ ನಮ್ಮವರ ‘ಠುಸ್’ ಆಡುಮಾತಿಗೆ ಚಂದ, ಕೈಪಿಡಿಗೆ ಸಲ್ಲದು. ಠುಸ್ ಎಂದರೆ ಮುಗಿಯಿತು ಎಂಬ ಧ್ವನಿ ಬರುತ್ತದೆ, ಇಲ್ಲಿ ಮುಗಿದಿರುವುದಿಲ್ಲ. ಓಟಬತ್ತಿಗೆ ಕರಾವಳಿಯ ತೇವ ತಗುಲಿದ್ದರೆ ಒಳಗೆ ಕೆಂಡದಂತೆ ಕನಲುತ್ತಿದ್ದು ತಡವಾಗಿ ಹಾರೀತು. ‘ಹಾರದೆ ಉಳಿದದ್ದು’ ಎಂದು ಬರೆದು, ಅರ್ಧ ಗಂಟೆಯಾದರೂ ಯಾರೂ ಹತ್ತಿರ ಹೋಗಬಾರದು, ಬಗ್ಗಿ ನೋಡಲೇಬಾರದು ಎಂದು ಸೇರಿಸಿ.

ಮರುಪ್ರಶ್ನೆ (ಮಂಗಳೂರಿನಿಂದ)

ಇಬ್ಬರಿಗೂ ಧನ್ಯವಾದ. ಬಣ್ಣಗಳ ಪಟ್ಟಿಯಲ್ಲಿ ‘ಹಸಿರು ಪಟಾಕಿಗೆ ಬೇರಿಯಂ ಬಳಸುತ್ತಾರೆ’ ಎಂದಿದೆ. ಭಾಷೆಯ ದೃಷ್ಟಿಯಿಂದ ತಪ್ಪಿಲ್ಲವಲ್ಲ?

ಉತ್ತರ 1ರವರಿಂದ

ಭಾಷೆಯೇ ತಪ್ಪು! ಜ್ವಾಲೆಗೆ ಹಸಿರು ಕೊಡುವುದು ಬೇರಿಯಂ ನಿಜ. ಕೆಂಪಿಗೆ ಸ್ಟ್ರಾಂಷಿಯಂ, ಹಳದಿಗೆ ಸೋಡಿಯಂ, ನೀಲಿಗೆ ತಾಮ್ರ ಇದ್ದಂತೆ. ಆದರೆ ‘ಹಸಿರು ಪಟಾಕಿ’ ಈಗ ಬೇರೆಯೇ ವಸ್ತುವಿನ ಹೆಸರು: ಹೊಗೆ ಮತ್ತು ದೂಳಿನ ಕಣ ಕಡಿಮೆ ಮಾಡಲೆಂದು ಸಿಎಸ್‌ಐಆರ್‌-ನೀರಿ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ಸೂತ್ರದಂತೆ ತಯಾರಾಗುವ ಪಟಾಕಿ. ಸುಪ್ರೀಂ ಕೋರ್ಟು 2018ರ ಅಕ್ಟೋಬರಿನಲ್ಲಿ ಇಂಥವಕ್ಕೆ ಅವಕಾಶ ಕೊಟ್ಟು, ಪಟಾಕಿಯಲ್ಲಿ ಬೇರಿಯಂ ಲವಣ ಬಳಸುವುದನ್ನು ನಿಷೇಧಿಸಿತು. ನಿಮ್ಮ ಕರಡಿನ ಸಾಲು ನಿಷೇಧವಾದದ್ದನ್ನೇ ಅನುಮತಿಯಿರುವುದರ ಹೆಸರಿಗೆ ಅಂಟಿಸಿದೆ. ‘ಹಸಿರು ಜ್ವಾಲೆಗೆ ಬೇರಿಯಂ ಲವಣ ಬಳಸುತ್ತಿದ್ದರು’ ಎಂದು ತಿದ್ದಿ. ಕ್ರಿಯಾಪದದ ಕಾಲವನ್ನೂ ಗಮನಿಸಿ.